ಮೊಮ್ಮಗಳ ಸಿನಿಮಾದಲ್ಲಿ ನನ್ನ ಹೆಸರು

ಮೆಲ್ಬರ್ನ್ ಊರಂಚಿನ ಕ್ಲೈಡ್ ನಾರ್ತ್‌ನ ನಮ್ಮ ಬೀದಿಯಲ್ಲಿ ಸಿನಿಮಾದಲ್ಲಿ ಪಾರ್ಟು ಮಾಡಿದವನು ನಾನೊಬ್ಬನೇ. ಬೇಕಾದರೆ ಯಾವ ಮನೆಯ ಕದ ತಟ್ಟಿಯಾದರೂ ಕೇಳಿ ನೋಡಿ. ಎಲ್ಲರಿಗೂ ಗೊತ್ತು, ಏಕೆಂದರೆ ಎಲ್ಲರಿಗೂ ನಾನೇ ಹೇಳಿದ್ದೇನೆ, ಕೆಲವರಿಗೆ ಎರಡೆರಡು ಸಲ. ನಾಯಕ ನಾನೇ. ನಾಯಕಿ ನನ್ನ ಹೆಂಡತಿ. ಖಳನಾಯಕನೂ ನೀವೇ ಎಂದು ಆಕೆ ಹೇಳುತ್ತಾಳೆ. ಆಕೆಯ ಮಾತನ್ನು ಇಷ್ಟು ಬೇಗ ನಂಬಬೇಡಿ.

ಹತ್ತು ನಿಮಿಷದ ಕಿರುಚಿತ್ರ ಅದು. ಮಾಡಿದವಳು ನನ್ನ ಮೊಮ್ಮಗಳು, ಮಗನ ಮಗಳು. ಮೆಲ್ಬರ್ನ್‌ನ ಒಂದು ಕಾಲೇಜಿನಲ್ಲಿ ಆಗ ಸಿನಿಮಾ ಓದುತ್ತಿದ್ದಳು. ಸಿನಿಮಾ ಓದುವುದು ಎಂದರೇನು ಎಂದು ನನಗೆ ಮೊದಮೊದಲು ತಿಳಿಯಲೇ ಇಲ್ಲ. ಧಾರವಾಡದಲ್ಲಿ ನಾವು ಸಿನಿಮಾ ನೋಡಿ ಓದು ಕೆಡಿಸಿಕೊಂಡವರು. ಇಲ್ಲಿ ಅದನ್ನೇ ಓದಿ ಡಿಗ್ರಿ ತೆಗೆದುಕೊಳ್ಳುತ್ತಾರೆ ಎಂದಾಗ, ನಾನು ಐವತ್ತು ವರ್ಷ ಮೊದಲೇ ಹುಟ್ಟಿಬಿಟ್ಟೆನಲ್ಲ ಎಂದು ಹೊಟ್ಟೆ ಉರಿದುಕೊಂಡೆ.

ಕೊನೆಯ ವರ್ಷಕ್ಕೆ ಪ್ರತಿಯೊಬ್ಬರೂ ಒಂದು ಚಿತ್ರ ಮಾಡಿ ಒಪ್ಪಿಸಬೇಕು. ಹಿಂದಿನ ವರ್ಷ ಅವಳು ಸಮುದ್ರ, ಬಿರುಗಾಳಿ, ಕುದುರೆ ಎಲ್ಲವೂ ಇರುವ ದೊಡ್ಡ ಕಥೆ ಬರೆದುಕೊಂಡಿದ್ದಳು. ಕುದುರೆ ಸಮುದ್ರ ಕಂಡು ಬೆದರಿ ಓಡಿತು. ಗೆಳೆಯರು ಕುದುರೆಯ ಹಿಂದೆ ಓಡಿದರು. ಬಾಡಿಗೆಗೆ ತಂದ ಲೈಟುಗಳ ಮೇಲೆ ಅಲೆ ಬಂತು. ಚಿತ್ರ ಅಲ್ಲಿಗೇ ನಿಂತಿತು. ಕಾಲೇಜಿನವರು ಕನಿಕರದಿಂದ ಇನ್ನೊಂದೇ ಒಂದು ಅವಕಾಶ ಕೊಟ್ಟಿದ್ದರು. ಈ ಸಲವೂ ಮುಗಿಸದಿದ್ದರೆ ಡಿಗ್ರಿಯಿಲ್ಲದೆ ಹೊರಗೆ.

ಅವರಪ್ಪ, ಅವ್ವ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅಷ್ಟಕ್ಕೇ ಮುಗಿಯುತ್ತಿತ್ತು. ಹುಡುಗಿ ಮನೆಯೊಳಗೆ ಸದ್ದಿಲ್ಲದೆ ಓಡಾಡತೊಡಗಿದಳು. ನನ್ನ ಚೇಷ್ಟೆಗಳಿಗೆಲ್ಲ ಬಿದ್ದು ಬಿದ್ದು ನಗುತ್ತಿದ್ದವಳು ಅವಳೊಬ್ಬಳೇ. ಒಂದು ಬೆಳಿಗ್ಗೆ ಸಕ್ಕರೆ ಡಬ್ಬಿಯಲ್ಲಿ ಉಪ್ಪು ತುಂಬಿಟ್ಟು ಬಾಗಿಲ ಮರೆಯಲ್ಲಿ ನಿಂತೆ. ಅವಳು ಆ ಚಹಾ ಪೂರ್ತಿ ಕುಡಿದು, ಕಪ್ಪು ತೊಳೆದಿಟ್ಟು, ಬಸ್ಸಿಗೆ ಹೋದಳು. ಅಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಆ ಕಾಲದಲ್ಲಿ ನಾನೂ ನನ್ನ ಹೆಂಡತಿಯೂ ಹಂಚಿಹೋಗಿದ್ದೆವು. ಜಗಳದಿಂದಲ್ಲ, ಮಕ್ಕಳ ಅನುಕೂಲಕ್ಕೆ. ಮೆಲ್ಬರ್ನ್‌ನ ಮಗನ ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರು; ಚಿಕ್ಕ ಮೊಮ್ಮಗನನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸ ನನಗೆ ಬಂತು. ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಮಗಳು ಆಸ್ಪತ್ರೆಯಲ್ಲಿ ನರ್ಸು, ಅವಳಿಗೆ ಶಿಫ್ಟ್. ಕೈಗೂಸು ಹೆಂಡತಿಯ ಪಾಲಿಗೆ ಬಂತು. ಒಂದೇ ಜೋಡಿಯ ಚಪ್ಪಲಿ, ಎಡಗಾಲಿನದು ಒಂದೂರಲ್ಲಿ, ಬಲಗಾಲಿನದು ಇನ್ನೊಂದೂರಲ್ಲಿ. ಆಸ್ಟ್ರೇಲಿಯಾದಲ್ಲಿರುವ ನಮ್ಮಂಥ ಅಜ್ಜ ಅಜ್ಜಿಯರಲ್ಲಿ ಇದೇನು ಹೊಸದಲ್ಲ. ಪಾರ್ಕಿನ ಬೆಂಚಿನ ಮೇಲೆ ಕೂತು ವಿಚಾರಿಸಿದರೆ, ಹುಬ್ಬಳ್ಳಿಯ ಒಬ್ಬರ ಮನೆಯವರು ಪರ್ತ್‌ನಲ್ಲಿ, ಬೆಳಗಾವಿಯ ಒಬ್ಬಾಕೆಯ ಯಜಮಾನರು ಬ್ರಿಸ್ಬೇನ್‌ನಲ್ಲಿ.

ದಿನಾ ಸಂಜೆ ವಿಡಿಯೊ ಕಾಲ್ ಮಾತ್ರ ತಪ್ಪುತ್ತಿರಲಿಲ್ಲ. ನಾನು ಅಡುಗೆಮನೆಯ ಬೆಂಚಿನ ಮೇಲೆ ಫೋನನ್ನು ಉಪ್ಪಿನಕಾಯಿ ಬಾಟಲಿಗೆ ಆನಿಸಿ ಕೂರುತ್ತಿದ್ದೆ.

"ಏನ್ರೀ, ಗುಳಿಗಿ ತಗೊಂಡ್ರಿ?"

"ತಗೊಂಡೆ."

"ಎಲ್ಲಿ, ಖಾಲಿ ಹಾಳಿ ತೋರಸ್ರಿ."

ನಾನು ಮೊನ್ನೆಯ ಖಾಲಿ ಹಾಳೆ ತೋರಿಸುತ್ತಿದ್ದೆ.

"ಅದು ಮೊನ್ನಿದು. ಮೂಲಿ ಹರದದ್ದು ನನಗ ನೆನಪದ."

ಹೀಗೆ. ಸಾವಿರ ಕಿಲೋಮೀಟರ್ ಆಚೆ ಕೂತು ಗುಳಿಗೆಯ ಹಾಳೆಯ ಮೂಲೆ ನೋಡಿ ಕಳ್ಳನನ್ನು ಹಿಡಿಯುವ ಹೆಂಗಸು. ಆದರೆ ಅಷ್ಟು ಮಾತಾಡುವವಳು ನನ್ನ ಹೆಸರು ಹಿಡಿದು ಒಮ್ಮೆಯೂ ಕರೆದವಳಲ್ಲ. "ಏನ್ರೀ", "ಕೇಳಿದ್ರೇನು", "ಇವರು". ನಮ್ಮ ಕಡೆಯ ಆ ವಯಸ್ಸಿನ ಹೆಂಗಸರೆಲ್ಲ ಹಾಗೇ. ಗಂಡನ ಹೆಸರು ಬಾಯಿಂದ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವರವ್ವ ಹೇಳಿಕೊಟ್ಟಿದ್ದಳಂತೆ.

ಹೆಸರು ಹೇಳಿಸಲು ನಾನು ಹೂಡದ ಆಟವಿಲ್ಲ. ಒಮ್ಮೆ ಇಲ್ಲಿಯ ದೊಡ್ಡ ಶಾಪಿಂಗ್ ಸೆಂಟರಿನಲ್ಲಿ ಬೇಕೆಂದೇ ಕಂಬದ ಮರೆಗೆ ಸರಿದು ನಿಂತೆ. ಹೆಂಡತಿ ಗಾಬರಿಯಾಗಿ ವಿಚಾರಣೆ ಕೌಂಟರಿಗೆ ಹೋದಳು. ಅಲ್ಲಿಯ ಹುಡುಗಿ ಮೈಕ್ ಹಿಡಿದು, ಕಳೆದುಹೋದವರ ಹೆಸರೇನು ಎಂದಳು. ಈಗ ಸಿಕ್ಕಿಬಿದ್ದಳು ಎಂದು ನಾನು ಕಿವಿ ನಿಮಿರಿಸಿದೆ. ಆಕೆ ಪರ್ಸ್ ತೆಗೆದು, ನನ್ನ ಹೆಸರು ಅಚ್ಚಾಗಿದ್ದ ಮೆಡಿಕೇರ್ ಆರೋಗ್ಯ ಕಾರ್ಡನ್ನು ಆ ಹುಡುಗಿಯ ಕೈಗಿತ್ತಳು. ನನ್ನ ಹೆಸರು ಮೂರು ಅಂತಸ್ತಿನಲ್ಲೂ ಮೊಳಗಿತು, ಅದೂ ಒತ್ತೆಲ್ಲ ತಪ್ಪಾಗಿ.

ಮೊಮ್ಮಗಳು ಊಟದ ಟೇಬಲ್ಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತು ನಮ್ಮ ಈ ಸಂಜೆಯ ಜಗಳ ಕೇಳುತ್ತಿದ್ದಳು. ಒಂದು ದಿನ ಫೋನಿಟ್ಟ ಮೇಲೆ ಹೇಳಿದಳು, "ಅಜ್ಜಾ, ನನ್ ಫಿಲ್ಮ್ ಸಿಕ್ತು." ಕಥೆ ಸರಳ. ಎರಡು ಊರು, ಎರಡು ಅಡುಗೆಮನೆ, ಫೋನಿನಲ್ಲಿ ಜಗಳವಾಡುವ ಒಬ್ಬ ಮುದುಕ, ಒಬ್ಬ ಮುದುಕಿ. ಕೊನೆಯಲ್ಲಿ, ಫೋನ್ ಇಡುವ ಮೊದಲು, ಮುದುಕಿ ಜೀವನದಲ್ಲಿ ಮೊದಲ ಸಲ ಅವನ ಹೆಸರು ಹಿಡಿದು ಕರೆಯುತ್ತಾಳೆ. ಅಷ್ಟೇ. ಕುದುರೆ ಇಲ್ಲ.

ಮುದುಕಿಯ ಪಾತ್ರಕ್ಕೆ ಆಯಿಯೇ ಎಂದಳು. ಅಜ್ಜಿಗೆ ಆಯಿ ಎನ್ನುವುದು ನಮ್ಮ ಮನೆಯ ರೂಢಿ. ಸರಿ, ಮುದುಕ ನಾನೇ ಎಂದು ಮೀಸೆ ಬಾಚಿಕೊಂಡೆ. ಅವಳು ನೆಲ ನೋಡುತ್ತ, "ಅಜ್ಜಾ, ಪ್ಲೀಸ್ ಫೀಲ್ ಆಗ್ಬೇಡ" ಎಂದಳು. ಪಾತ್ರವನ್ನು ನಮ್ಮ ಕನ್ನಡ ಕೂಟದ ಒಬ್ಬ ಹಿರಿಯರಿಗೆ ಕೊಟ್ಟುಬಿಟ್ಟಿದ್ದಳು. ವರ್ಷವರ್ಷವೂ ರಾಜ್ಯೋತ್ಸವದ ನಾಟಕದಲ್ಲಿ ರಾಜನ ಪಾತ್ರ ಅವರದೇ. ಮೀಸೆಗೆ ಬಣ್ಣ ಹಚ್ಚುವವರು.

"ಅವರು ಯಾಕ? ಧಾರವಾಡದಾಗ ಕಾಲೇಜ್ ನಾಟಕಕ್ಕ ನಾನು ಸ್ಟೇಜ್ ಹತ್ತಿದ್ರ ಮುಂದಿನ ಸಾಲು ಎದ್ದು ನಿಲ್ಲತಿತ್ತು."

"ಯಾಕೆ, ಓಡ್ಲಿಕ್ಕಾ?" ಎಂದಳು. ಎಷ್ಟೋ ದಿನಕ್ಕೆ ಅವಳ ಬಾಯಿಂದ ಒಂದು ತಮಾಷೆ ಬಂದಿತ್ತು. ಅದಕ್ಕೇ ಬಿಟ್ಟೆ, ಇಲ್ಲದಿದ್ದರೆ ಬಿಡುತ್ತಿದ್ದೆನೇ!

ಶೂಟಿಂಗ್ ಇನ್ನೇನು ಶುರುವಾಗಬೇಕು, ರಾಜರಿಗೆ ಆಸ್ಪತ್ರೆಯಿಂದ ಕರೆ ಬಂತು. ಕಣ್ಣಿನ ಪೊರೆಯ ಆಪರೇಷನ್ನಿಗೆ ಅವರು ಬಹಳ ದಿನದಿಂದ ಸರದಿಯಲ್ಲಿದ್ದರಂತೆ. ಈ ದೇಶದಲ್ಲಿ ಸರದಿ ಬಂದಾಗ ಹೋಗದಿದ್ದರೆ ಮತ್ತೆ ಎಂದು ಬರುತ್ತದೋ ದೇವರಿಗೇ ಗೊತ್ತು. ಅವರು ಹೋದರು. ಮೊಮ್ಮಗಳು ನನ್ನ ಮುಂದೆ ಬಂದು ನಿಂತಳು. ನಾನು ಪೇಪರ್ ಓದುವವನ ಹಾಗೆ ಕೂತೇ ಇದ್ದೆ, ಅವಳು ಎರಡು ಸಲ ಕೆಮ್ಮುವ ತನಕ.

"ಅಜ್ಜಾ, ಒಂದೇ ಕಂಡಿಷನ್. ಓವರ್ ಆಕ್ಟ್ ಮಾಡ್ಬಾರ್ದು."

"ನನ್ನ ಜೀವನದಾಗ ನಾ ಎಂದೂ ಓವರ್ ಮಾಡಿಲ್ಲ," ಎಂದು ಎದೆ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಗದ್ಗದ ದನಿಯಲ್ಲಿ ಹೇಳಿದೆ. ಅವಳು ತಲೆ ಹಿಡಿದುಕೊಂಡು ಕೂತಳು.

ಕ್ಲೈಡ್ ನಾರ್ತ್ ಆಗ ಇನ್ನೂ ಏಳುತ್ತಿದ್ದ ಸಬರ್ಬ್. ನಮ್ಮ ಮನೆಯ ಎದುರಿಗೆ, ಹಿಂದೆ, ಮೂಲೆಯಲ್ಲಿ, ಎಲ್ಲೆಡೆ ಹೊಸ ಮನೆಗಳು. ಬೆಳಗಿನಿಂದ ಮೊಳೆ ಹೊಡೆಯುವ ಮಷಿನ್ನಿನ ಠಕಠಕ, ಕಾಂಕ್ರೀಟ್ ಲಾರಿಯ ಗರಗರ. ಮೊದಲ ದಿನವೇ ತಿಳಿಯಿತು: ನಾನು ಒಂದು ವಾಕ್ಯ ಹೇಳಿ ಮುಗಿಸುವುದರೊಳಗೆ ಎದುರು ಮನೆಯ ಛಾವಣಿಗೆ ಹತ್ತು ಮೊಳೆ. ಕ್ಯಾಮೆರಾ ಹಿಡಿದವಳು ಮೊಮ್ಮಗಳ ಸಹಪಾಠಿ, ಗ್ರೀಕ್ ಮನೆತನದ ಎತ್ತರದ ಹುಡುಗಿ. ಅವಳು ಕಿವಿಯ ಹೆಡ್‌ಫೋನ್ ತೆಗೆದು ತೆಗೆದು ತಲೆಯಾಡಿಸುತ್ತಿದ್ದಳು.

ಸಾಲದ್ದಕ್ಕೆ ಪಕ್ಕದ ಹಿತ್ತಲಿನಿಂದ ಕನ್ನಡದ ಮಾತೂ ಜೋರಾಗಿ ಬರುತ್ತಿತ್ತು. ಆ ಹುಡುಗಿ ನನ್ನನ್ನು ಕೇಳಿದಳು, ನಿಮ್ಮ ಭಾಷೆಯಲ್ಲಿ ಸದ್ದು ಮಾಡಬೇಡಿ ಎನ್ನಲು ಏನು ಹೇಳುತ್ತಾರೆ ಎಂದು. ಇಂಥ ಪ್ರಶ್ನೆಯನ್ನು ನನ್ನಂಥವನಿಗೆ ಯಾರೂ ಕೇಳಬಾರದು. "ಊಟ ಆತೇನ್ರೀ ಅಂತ ಜೋರಾಗಿ ಕೂಗಬೇಕು" ಎಂದೆ. ಅವಳು ನಾಲ್ಕು ಸಲ ಹೇಳಿ ಕಲಿತು, ಹಿತ್ತಲಿಗೆ ಹೋಗಿ ಬೇಲಿಯ ಕಡೆ ಮುಖ ಮಾಡಿ ಕೂಗಿದಳು.

ಪಕ್ಕದ ಮನೆಯಲ್ಲಿ ಬೆಳಗಾವಿಯ ಆಂಟಿ. ಬೇಲಿಯಾಚೆಯಿಂದ ದನಿ ಬಂತು, "ಇನ್ನೂ ಇಲ್ಲ ಯವ್ವಾ! ನಿಂದಾತೇನು?" ಹಿಂದೆಯೇ ಒಂದು ತಾಟು ಬೇಲಿಯ ಮೇಲೆ ಬಂತು: ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹುಡುಗಿ ತಾಟು ಹಿಡಿದು ಒಳಗೆ ಬಂದು, ನಿಮ್ಮ ಜನ ಸುಮ್ಮನಿರು ಎಂದವರಿಗೆ ಊಟ ಕೊಡುತ್ತಾರಾ ಎಂದು ಬೆರಗಾದಳು. ಮೊಮ್ಮಗಳು ನನ್ನನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಸುಟ್ಟು ಬೂದಿಯಾಗುತ್ತಿದ್ದರು.

ಆದರೆ ಆ ತಾಟೇ ನನಗೆ ದಾರಿ ತೋರಿಸಿತು. ಮರುದಿನ ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ಎದುರಿನ ಕಟ್ಟಡಕ್ಕೆ ಹೋದೆ. ಅಲ್ಲಿಯ ಕೆಲಸಗಾರರು ಬೆಳಗಿನ ಚಹಾಕ್ಕೆ ಕೂತಿದ್ದರು. ನಾನು ಭಾರತದ ಬಹಳ ದೊಡ್ಡ ನಟ, ವಿಶ್ರಾಂತಿಗಾಗಿ ಇಲ್ಲಿ ಬಂದಿದ್ದೇನೆ, ಮೊಮ್ಮಗಳ ಮೇಲಿನ ಪ್ರೀತಿಗೆ ಪುಕ್ಕಟೆ ನಟಿಸುತ್ತಿದ್ದೇನೆ ಎಂದು ಪರಿಚಯ ಹೇಳಿಕೊಂಡೆ. ಚಕ್ಕುಲಿ ಕಡಿಯುತ್ತ ಒಪ್ಪಂದವಾಯಿತು: ನಾನು ಮೇಲಿನ ಕಿಟಕಿಯಿಂದ ಕೆಂಪು ಟವೆಲ್ ಬೀಸಿದರೆ ಮೊಳೆ ನಿಲ್ಲಬೇಕು, ಬಿಳಿ ಬೀಸಿದರೆ ಹೊಡೆಯಬಹುದು. ಒಬ್ಬ ನನ್ನ ಜೊತೆ ಸೆಲ್ಫಿ ಕೂಡ ತೆಗೆದುಕೊಂಡ. ಮೆಲ್ಬರ್ನ್‌ನ ಅಷ್ಟೂ ದೃಶ್ಯಗಳಿಗೆ ಮೌನ ಸಿಕ್ಕಿದ್ದು ಹೀಗೆ. ಕಾಲೇಜಿನಲ್ಲಿ ಇದನ್ನು ಪ್ರೊಡಕ್ಷನ್ ಮ್ಯಾನೇಜ್‌ಮೆಂಟ್ ಎನ್ನುತ್ತಾರಂತೆ. ನಾನು ಚಕ್ಕುಲಿ ಎನ್ನುತ್ತೇನೆ.

ಉಳಿದದ್ದು ಕೊನೆಯ ದೃಶ್ಯ, ಹೆಸರು ಕರೆಯುವ ದೃಶ್ಯ. ಗೋಡೆ ನೋಡಿ ಮಾತಾಡು ಎಂದರೆ ನಾನು ನಾಟಕ ಮಾಡುತ್ತೇನೆ ಎಂದು ಮೊಮ್ಮಗಳು ಒಂದು ಉಪಾಯ ಹುಡುಕಿದಳು. ಎರಡೂ ಊರಿನಲ್ಲಿ ಒಟ್ಟಿಗೇ ಶೂಟಿಂಗ್, ನಡುವೆ ನಿಜವಾದ ಫೋನ್ ಕರೆ. ಗ್ರೀಕ್ ಹುಡುಗಿ ಮೆಲ್ಬರ್ನ್‌ನಲ್ಲಿ ನನ್ನ ಮುಂದೆ. ಮೊಮ್ಮಗಳು ಇನ್ನೊಂದು ಕ್ಯಾಮೆರಾ ಹೊತ್ತು ವಿಮಾನ ಹತ್ತಿ ಲಿವರ್‌ಪೂಲ್‌ನಲ್ಲಿ ಆಯಿಯ ಮುಂದೆ. ಕ್ಯಾಮೆರಾಗಳನ್ನು ಸೋಮವಾರ ಕಾಲೇಜಿಗೆ ವಾಪಸು ಕೊಡಬೇಕು. ಅದೇ ವಾರ ಚಿತ್ರ ಒಪ್ಪಿಸಬೇಕು. ಆ ಶನಿವಾರ, ಭಾನುವಾರ ಬಿಟ್ಟರೆ ಬೇರೆ ದಿನವೇ ಇರಲಿಲ್ಲ.

ಶನಿವಾರ ಮಧ್ಯಾಹ್ನ ಫೋನ್ ಹಚ್ಚಿದೆವು. ಹೆಂಡತಿ ಹೊಸ ಇಳಕಲ್ ಸೀರೆ ಉಟ್ಟು, ಮುಡಿಗೆ ಹೂವಿಟ್ಟು, ಹಸೆಗೆ ಕೂತವಳಂತೆ ಕೂತಿದ್ದಳು. ಗುಳಿಗೆಯ ಜಗಳ, ಉಪ್ಪಿನಕಾಯಿಯ ಜಗಳ ಎಲ್ಲ ಒಂದೇ ಸಲಕ್ಕೆ ಬಂದವು, ನಮಗೇನು ಅಭ್ಯಾಸ ಬೇಕೇ? ಕೊನೆಯ ಮಾತಿಗೆ ಬಂದಾಗ ಅವಳು ನಿಂತುಬಿಟ್ಟಳು.

"ಏನಾಯ್ತು ಆಯಿ? ನೇಮ್ ಹೇಳು," ಎಂದಳು ಮೊಮ್ಮಗಳು. ಚಿತ್ರದ ಮುದುಕನಿಗೆ ಅವಳು ಯಾವುದೋ ಒಂದು ಹೆಸರಿಟ್ಟಿದ್ದಳು.

"ಇದನ್ನ ಹೆಂಗ ಹೇಳ್ಲಿ? ಅಲ್ಲಿ ಕುಂತವರು ಇವರು. ಹೇಳೂ ಹೆಸರು ಮತ್ತೊಬ್ಬರದು. ಗಂಡನ ಮಾರಿ ನೋಡಿಕೋತ ಬ್ಯಾರೆ ಗಂಡಸಿನ ಹೆಸರು ಕರೀಲೇನು?"

"ಆಯಿ, ಇಟ್ಸ್ ಜಸ್ಟ್ ಆಕ್ಟಿಂಗ್. ಮೊದ್ಲು ಓಕೆ ಅಂದಿದ್ಯಲ್ಲ!"

"ಆವಾಗ ಆ ಕಣ್ಣಿನ ಆಪರೇಶನ್ನಿನವರು ಇದ್ರು. ಅವರ್ಯಾರೋ, ಹೆಸರು ಯಾರದೋ. ಈಗ ಇವರು ಕುಂತಾರ."

"ಓಕೆ, ಓಕೆ. ಹಂಗಾದ್ರೆ ಅಜ್ಜನ ರಿಯಲ್ ನೇಮೇ ಹೇಳು. ಪ್ರಾಬ್ಲಮ್ ಸಾಲ್ವ್ಡ್."

ಹಿಂದೆ ಎಲ್ಲೋ ನನ್ನ ಮಗಳು ಕಿಸಕ್ಕೆಂದು ನಕ್ಕಳು. ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅಡ್ಡಿಯಿಲ್ಲ, ಹೇಳು," ಎಂದೆ ನಾನು. "ನಾ ಕಿವಿ ಮುಚ್ಚಿಕೋತೇನಿ."

"ನೀವು ಸುಮ್ಮನ ಕುಂಡ್ರಿ. ಲಗ್ನಾದಾಗಿಂದ ಅದ ಆತು ನಿಮ್ಮದು."

ಹಾಗಾದರೆ ಆ ಮಾತೇ ತೆಗೆದುಹಾಕು, ಫೋನಿಟ್ಟರಾಯಿತು ಎಂದು ನಾನು ಮೊಮ್ಮಗಳಿಗೆ ಸಲಹೆ ಕೊಟ್ಟೆ. "ಅಜ್ಜಾ, ಆ ಲೈನೇ ಫಿಲ್ಮ್. ಅದಿಲ್ಲ ಅಂದ್ರೆ ಇಬ್ರು ಫೋನಲ್ಲಿ ಜಗಳ ಆಡೋದಷ್ಟೇ" ಎಂದಳು. ಅವಳ ದನಿ ಸಣ್ಣಗಾಗಿತ್ತು. ಶನಿವಾರ ಪೂರ್ತಿ ಪ್ರಯತ್ನ ಮಾಡಿದಳು. ಮಗಳು ಹೇಳಿದಳು, ಸಿಡ್ನಿಯ ಅಳಿಯ ಹೇಳಿದ. ಆಯಿ ಬಾಯಿ ತೆರೆಯುವಳು, "ಊಂಹೂಂ" ಎಂದು ಮುಚ್ಚುವಳು. ಹಟವಲ್ಲ ಅದು. ಮೊಮ್ಮಗಳಿಗಾಗಿ ಹೇಳಬೇಕೆಂದು ಆಕೆಗೆ ಮನಸ್ಸಿತ್ತು, ನಾಲಿಗೆ ಏಳುತ್ತಿರಲಿಲ್ಲ. ಐದಾರು ಸಲ ಆದ ಮೇಲೆ ಕಣ್ಣಲ್ಲಿ ನೀರು ಬಂತು. ಚಿತ್ರೀಕರಣ ನಿಂತಿತು.

ಭಾನುವಾರವೂ ಮಧ್ಯಾಹ್ನದ ತನಕ ಅದೇ ಹಾಡು. ಕೊನೆಗೆ ಮೊಮ್ಮಗಳು ಲಿವರ್‌ಪೂಲಿನ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ನನ್ನ ಫೋನಿನಲ್ಲಿ ಅವಳ ತಲೆಗೂದಲು ಮಾತ್ರ ಕಾಣುತ್ತಿತ್ತು.

"ಲಾಸ್ಟ್ ಇಯರ್ ತರಾನೇ ಆಯ್ತು. ನನ್ ಕೈಲಿ ಏನೂ ಫಿನಿಶ್ ಮಾಡೋಕ್ಕಾಗಲ್ಲ."

ಹೆಂಡತಿ ಬೆನ್ನು ತಿರುಗಿಸಿ ಚಹಾಕ್ಕಿಟ್ಟಳು. ಶುಂಠಿ ಜಜ್ಜುವ ಸದ್ದು ಕೇಳಿಸಿತು, ಬಹಳ ಹೊತ್ತು. ಅಷ್ಟು ಶುಂಠಿ ಯಾವ ಚಹಾಕ್ಕೂ ಬೇಕಾಗುವುದಿಲ್ಲ. ನಾನೂ ಮಾತಾಡಲಿಲ್ಲ. ನಂಬಿ, ನಾನೂ ಮಾತಾಡಲಿಲ್ಲ. ಆಮೇಲೆ ಆಕೆ ಚಹಾದ ಕಪ್ಪು ಮೊಮ್ಮಗಳ ಕೈಗೆ ಕೊಟ್ಟು ಕೇಳಿದಳು:

"ನಿನ್ನ ಸಿನಿಮಾದಾಗ ಪದ್ಯ ನಡೀತದೇನು?"

"ಪದ್ಯ? ಪೋಯಮ್?"

"ಬರೇ ಹೆಸರು ನನ್ನ ಬಾಯಾಗ ಬರೂದಿಲ್ಲ. ಒಡಪಿನಾಗ ಇಟ್ಟು ಹೇಳಂದ್ರ ಹೇಳಬಹುದು."

ಒಡಪು! ನನ್ನ ತಲೆಗೆ ಹೊಳೆದಿರಲೇ ಇಲ್ಲ. ನಮ್ಮ ಕಡೆ ಮದುವೆಯಾಗಿ ಹೊಸ ಹೆಣ್ಣು ಗಂಡನ ಮನೆಗೆ ಬಂದಾಗ ಹುಡುಗಿಯರೆಲ್ಲ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳಿದರೇ ಒಳಗೆ ದಾರಿ. ಬರಿದೇ ಹೇಳುವಂತಿಲ್ಲ, ಪ್ರಾಸ ಕಟ್ಟಿದ ಒಂದು ಪದ್ಯ ಹೇಳಿ, ಅದರ ತುದಿಗೆ ಹೆಸರನ್ನು ಕೂರಿಸಿ ಹೇಳಬೇಕು. ಅದಕ್ಕೆ ದೋಷವಿಲ್ಲ. ಇಷ್ಟು ವರ್ಷ ಹೇಳಬಾರದ ಹೆಸರಿಗೆ ಇದೊಂದೇ ಬಾಗಿಲು.

ನಮ್ಮ ಮದುವೆಯಲ್ಲೂ ಆಕೆ ಹೇಳಿದ್ದಳು. ಹುಬ್ಬಳ್ಳಿಯ ನಮ್ಮ ಮನೆಯ ಓಣಿ, ಬಿಸಿಲು, ಹೊಸ ಬೂಟಿನಲ್ಲಿ ಕಾಲು ಕಚ್ಚುತ್ತಿತ್ತು. ನನ್ನ ತಂಗಿಯರು ಬಾಗಿಲಿಗೆ ಅಡ್ಡ ನಿಂತಿದ್ದರು. ಈಕೆ ತಲೆ ತಗ್ಗಿಸಿ, ಪಾತ್ರೆಯ ತಳದಲ್ಲಿ ನೊಣ ಗುಂಯ್‌ಗುಟ್ಟಿದ ಹಾಗೆ ಏನೋ ಹೇಳಿದಳು. "ಕೇಳಸಲಿಲ್ಲ, ಮತ್ತೊಮ್ಮೆ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಯಾರೆಂದು ನಾನು ಹೇಳಬೇಕಾಗಿಲ್ಲ. ಅವಳ ಅಣ್ಣ ನನ್ನ ಕಡೆ ಒಂದು ನೋಟ ಬಿಟ್ಟ. ಪೈಲ್ವಾನ ಅವನು. ನನಗೆ ಕೂಡಲೇ ಚೆನ್ನಾಗಿ ಕೇಳಿಸಿಬಿಟ್ಟಿತು. ಆದರೆ ನಿಜ ಹೇಳುತ್ತೇನೆ, ಆ ದಿನ ಗದ್ದಲದಲ್ಲಿ ಹೆಸರು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಮೊಮ್ಮಗಳಿಗೆ ಅವಳ ಅತ್ತೆ, ಅಂದರೆ ನನ್ನ ಮಗಳು, ಇದೆಲ್ಲ ಇಂಗ್ಲಿಷಿನಲ್ಲಿ ತಿಳಿಸಿಹೇಳಿದಳು. ಹುಡುಗಿ ಎದ್ದು ನಿಂತದ್ದನ್ನು ಫೋನಿನಲ್ಲಿ ಕಂಡೆ. ಕೂದಲು ಮೇಲೆ ಹೋಗಿ ಮುಖ ಬಂತು.

"ಆಯಿ, ದಟ್ಸ್ ಬೆಟರ್ ದ್ಯಾನ್ ಮೈ ಸ್ಕ್ರಿಪ್ಟ್. ಹೇಳು. ಪ್ಲೀಸ್ ಹೇಳು."

"ಒಮ್ಮೆ ಹೇಳತೇನಿ. ಒಡಪಂದ್ರ ಒಮ್ಮೆ."

ನಾನು ಕೆಂಪು ಟವೆಲ್ ಬೀಸಲು ಎದ್ದೆ. ಭಾನುವಾರ, ಕೆಲಸಗಾರರು ಇಲ್ಲ ಎಂದು ನೆನಪಾಗಿ ಕೂತೆ. ಗ್ರೀಕ್ ಹುಡುಗಿ ನನ್ನ ಫೋನಿನ ಪಕ್ಕಕ್ಕೇ ಮೈಕ್ ಇಟ್ಟು, ಕ್ಯಾಮೆರಾವನ್ನು ನನ್ನ ಮುಖಕ್ಕೆ ಗುರಿ ಮಾಡಿದಳು. ನಾನು ಎಂಥ ಭಾವ ತೋರಿಸಬೇಕೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ: ಮೊದಲು ಆಶ್ಚರ್ಯ, ಆಮೇಲೆ ಎಡಗಣ್ಣಲ್ಲಿ ಒಂದು ಹನಿ, ಕಡೆಗೆ ಮಂದಹಾಸ. ಕನ್ನಡಿಯ ಮುಂದೆ ವಾರವೆಲ್ಲ ತಾಲೀಮು ನಡೆಸಿದ್ದೆ.

ಹೆಂಡತಿ ಸೆರಗು ಸರಿ ಮಾಡಿಕೊಂಡಳು. ಫೋನನ್ನೇ ನೋಡಿದಳು, ಕ್ಯಾಮೆರಾ ಮರೆತುಬಿಟ್ಟಳು.

"ಸಿಡ್ನಿಯೊಳಗ ಮಗಳ ಮನಿ, ಮೆಲ್ಬರ್ನಿನಾಗ ಮಗನ ಮನಿ,
ಎರಡೂ ಮನಿ ನಡುವ ದಿನಾ ಜಗಳಾಡೂದು ಒಂದು ದನಿ;
ಆ ದನಿ ಒಂದಿನ ಕೇಳದಿದ್ರ ಸೇರೂದಿಲ್ಲ ನನಗ ಅನ್ನ,
ಅಂಥಾ ದನಿಯ ಧಣಿ ನಮ್ಮ..."

ಅದರ ತುದಿಗೆ ನನ್ನ ಹೆಸರು. ಪ್ರಾಸ ಸರಿಯಾಗಿಯೇ ಕೂತಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಆಕೆಯ ಬಾಯಲ್ಲಿ ಕೇಳಿದ ಮೇಲೆ ಕಾಗದದ ಮೇಲೆ ಅದು ಸಪ್ಪಗೆ ಕಾಣುತ್ತದೆ. ಶಾಲೆಯ ಮಾಸ್ತರರು, ಆಫೀಸಿನ ಸಾಹೇಬರು, ಬ್ಯಾಂಕು, ಪಾಸ್‌ಪೋರ್ಟು, ಆ ಶಾಪಿಂಗ್ ಸೆಂಟರಿನ ಮೈಕು, ಎಲ್ಲರೂ ಕರೆದ ಹೆಸರೇ ಅದು. ಯಾರೋ ಹೊಸಬನದು ಎನ್ನಿಸಿತು. ಅವನು ಯಾರಪ್ಪ ಅಷ್ಟು ಪುಣ್ಯವಂತ ಎಂದು ನೋಡುವಂತಾಯಿತು.

ಆಶ್ಚರ್ಯ, ಹನಿ, ಮಂದಹಾಸ ಯಾವುದೂ ನೆನಪಾಗಲಿಲ್ಲ. ಬಾಯಿ ತೆರೆದು ಕೂತಿದ್ದೆನಂತೆ. ಆಮೇಲೆ ಮೆಲ್ಲಗೆ ಬಾಯಿ ಮುಚ್ಚಿ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಿ ತಿರುಗಿಸಿ ಬಿಗಿ ಮಾಡಿದೆನಂತೆ, ಅದು ಬಿಗಿಯಾಗಿಯೇ ಇತ್ತು. ಕೊನೆಗೆ "ಹೂಂ" ಎಂದೆ. ಅಷ್ಟೇ. ಗ್ರೀಕ್ ಹುಡುಗಿಗೆ ಒಂದು ಅಕ್ಷರ ತಿಳಿಯದು, ಆದರೂ ಕಟ್ ಅನ್ನುವುದನ್ನು ಮರೆತಿದ್ದಳು.

ಎರಡೂ ಊರಲ್ಲಿ ಚಪ್ಪಾಳೆಯಾಯಿತು. ಮೊಮ್ಮಗಳು ಆಯಿಯನ್ನು ಅಪ್ಪಿಕೊಂಡಳು. ಆಮೇಲೆ ತನ್ನ ಕ್ಯಾಮೆರಾದಲ್ಲಿ ತೆಗೆದದ್ದನ್ನು ನೋಡಲು ಕೂತಳು. ಅವಳ ಮುಖದ ಬಣ್ಣ ಇಳಿದದ್ದು ನನಗೆ ಫೋನಿನಲ್ಲೇ ಕಂಡಿತು.

ಗಡಿಬಿಡಿಯಲ್ಲಿ ಮೊಮ್ಮಗಳು ರೆಕಾರ್ಡ್ ಗುಂಡಿಯನ್ನು ಎರಡು ಸಲ ಒತ್ತಿದ್ದಳು. ಮೊದಲನೆಯ ಒತ್ತಿಗೆ ಕ್ಯಾಮೆರಾ ಶುರುವಾಗಿದೆ, ಎರಡನೆಯದಕ್ಕೆ ನಿಂತಿದೆ. ಒಡಪು ಮುಗಿದ ಮೇಲೆ ನಿಲ್ಲಿಸಲೆಂದು ಒತ್ತಿದಾಗ ಮತ್ತೆ ಶುರುವಾಗಿದೆ. ಹೀಗಾಗಿ ಆಯಿ ಸೆರಗು ಸರಿಮಾಡಿ ಕೂರುವುದು ಇತ್ತು, ಆಮೇಲಿನ ಅಪ್ಪುಗೆ, ಅಡುಗೆಮನೆಯ ನೆಲ, ಮಗಳ ಚಪ್ಪಲಿ ಇದ್ದವು. ನಡುವಿನದು ಇಲ್ಲ. ಮಾತೂ ಇಲ್ಲ, ಮುಖವೂ ಇಲ್ಲ.

"ಆಯಿ, ಇನ್ನೊಂದ್ಸಲ. ಒಂದೇ ಒಂದ್ಸಲ."

"ಇಲ್ಲ ಕೂಸ," ಎಂದಳು ಹೆಂಡತಿ ಬಹಳ ಮೆತ್ತಗೆ. "ಈಗ ಹೇಳಿದ್ರ ಪಾಠ ಒಪ್ಪಿಸಿದಂಗ ಆಗ್ತದ. ಅದು ಬರೂದಿಲ್ಲ."

ಮೊಮ್ಮಗಳು ಮತ್ತೆ ಕೇಳಲಿಲ್ಲ. ಅದು ನನಗೆ ಈಗಲೂ ಹೆಮ್ಮೆ.

ರಾತ್ರಿಯ ವಿಮಾನದಲ್ಲಿ ಅವಳು ವಾಪಸಾದಳು. ಕ್ಯಾಮೆರಾಗಳು ಸೋಮವಾರ ಕಾಲೇಜಿಗೆ ಹೋದವು. ನಮ್ಮ ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತು, ಮೆಲ್ಬರ್ನ್‌ನಲ್ಲಿ ಗ್ರೀಕ್ ಹುಡುಗಿ ತೆಗೆದದ್ದನ್ನು ಮಾತ್ರ ಮತ್ತೆ ಮತ್ತೆ ಓಡಿಸಿದಳು. ನನ್ನ ಮುಖ. ಫೋನಿನ ಸಣ್ಣ ದನಿಯಲ್ಲಿ ಒಡಪು, ಅಡುಗೆಮನೆಯ ಫ್ರಿಜ್ಜಿನ ಗುಂಯ್ ಸದ್ದಿನ ನಡುವೆ. ಕೇಳುತ್ತ ಕೇಳುತ್ತ ನೆಟ್ಟಗೆ ಕೂತಳು.

"ಅಜ್ಜಾ, ಆಯಿ ಕಾಣ್ಸೋದೇ ಬೇಡ. ಫುಲ್ ಫಿಲ್ಮ್ ಈ ಕಿಚನ್ನಲ್ಲೇ. ಆಯಿ ಬರೀ ವಾಯ್ಸ್."

ಸಿಡ್ನಿಯಲ್ಲಿ ತೆಗೆದದ್ದನ್ನೆಲ್ಲ ಅವಳು ಕಿತ್ತುಹಾಕಿದಳು. ಜೊತೆಗೆ ನನ್ನ ಅತ್ಯುತ್ತಮ ನಟನೆಯೂ ಹೋಯಿತು. ನಾನು ಕಿಟಕಿಯಾಚೆ ನೋಡಿ ನಿಟ್ಟುಸಿರು ಬಿಡುವುದು, ಕನ್ನಡಕ ತೆಗೆದು ಕಣ್ಣೊರೆಸುವುದು, ಗೋಡೆಗೆ ಹಣೆ ಹಚ್ಚುವುದು, ಒಂದನ್ನೂ ಉಳಿಸಲಿಲ್ಲ. ಜಗಳವಾಡುವಾಗ ನಾನು ಗುಳಿಗೆ ಹುಡುಕುತ್ತ ಡ್ರಾಯರ್ ಕೆದಕುವುದು, ಫೋನಿಗೆ ಬೆನ್ನು ತಿರುಗಿಸಿ ಗುಟ್ಟಾಗಿ ಬೆಲ್ಲ ತಿನ್ನುವುದು, ಕ್ಯಾಮೆರಾ ಓಡುತ್ತಿದೆ ಎಂದು ನನಗೆ ಗೊತ್ತೇ ಇಲ್ಲದಾಗಿನವನ್ನು ಇಟ್ಟುಕೊಂಡಳು. "ಇದು ಕಲಾವಿದನ ಕೊಲೆ" ಎಂದೆ. "ಯೆಸ್ ಅಜ್ಜಾ," ಎನ್ನುತ್ತ ಇನ್ನೊಂದು ನಿಟ್ಟುಸಿರು ಅಳಿಸಿದಳು.

ಫೋನಿನಲ್ಲಿ ಸುದ್ದಿ ತಿಳಿಸಿದಾಗ ಹೆಂಡತಿ ಮೊದಲು ಸಮಾಧಾನಪಟ್ಟಳು, ತನ್ನ ಮುಖ ಊರಿನವರಿಗೆ ಕಾಣುವುದಿಲ್ಲವಲ್ಲ ಎಂದು. ಮರುಕ್ಷಣವೇ, "ಮತ್ತ ನನ್ನ ಇಳಕಲ್ ಸೀರಿ?" ಎಂದಳು.

ಚಿತ್ರವನ್ನು ಹೇಳಿದ ದಿನಕ್ಕೇ ಒಪ್ಪಿಸಿದಳು. ಕಾಲೇಜಿನ ಸಭಾಂಗಣದಲ್ಲಿ ಎಲ್ಲರ ಚಿತ್ರಗಳನ್ನೂ ತೋರಿಸುವ ದಿನ ಹೆಂಡತಿ ಸಿಡ್ನಿಯಿಂದ ಬಂದಳು, ಮಗಳು ರಜೆ ಹಾಕಿದ್ದಳು. ಕತ್ತಲಲ್ಲಿ ಅಕ್ಕಪಕ್ಕ ಕೂತು ಬಹಳ ದಿನವಾಗಿತ್ತು. ಪರದೆಯ ಮೇಲೆ ನಮ್ಮ ಅಡುಗೆಮನೆ ಒಂದು ಮನೆಯಷ್ಟು ದೊಡ್ಡದಾಗಿ ಬಂತು, ನನ್ನ ಮೂಗು ಒಂದು ಕಾರಿನಷ್ಟು. ಬೆಲ್ಲ ತಿನ್ನುವುದು ಬಂದಾಗ ಸಭೆ ನಕ್ಕಿತು, ಪಕ್ಕೆಗೆ ಒಂದು ಮೊಣಕೈ ಬಿತ್ತು. "ಬೆಲ್ಲಾ ತಿಂತಿದ್ರಿ?" ಸಕ್ಕರೆ ಕಾಯಿಲೆಯ ನಾನು ಕದ್ದು ಬೆಲ್ಲ ತಿನ್ನುವ ಗುಟ್ಟು ಹೀಗೆ ಹೊರಬಿತ್ತು. ಆಮೇಲೆ ಒಡಪು. ಕನ್ನಡ ಬಾರದ ಅಷ್ಟು ಜನ ಕೆಳಗಿನ ಇಂಗ್ಲಿಷ್ ಸಾಲು ಓದುತ್ತ ಸದ್ದಿಲ್ಲದೆ ಕೂತರು. ಹೆಸರು ಬಂದ ಕೂಡಲೇ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಪರದೆ ನೋಡಲಿಲ್ಲ, ಮೊಮ್ಮಗಳನ್ನು ನೋಡಿದೆ. ಅವಳು ಉಗುರು ಕಚ್ಚುತ್ತಿದ್ದಳು.

ಫಲಿತಾಂಶ ಬಂದದ್ದು ಹೆಂಡತಿ ಇನ್ನೂ ನಮ್ಮ ಮನೆಯಲ್ಲೇ ಇದ್ದಾಗ. ನಾವಿಬ್ಬರೂ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದೆವು. ನಾನು ಬಿಡಿಸಿದ ಸೊಪ್ಪಿನಲ್ಲಿ ಕಡ್ಡಿಯೇ ಹೆಚ್ಚೆಂದು ಆಕೆ ಮತ್ತೆ ಬಿಡಿಸುತ್ತಿದ್ದಳು. ಮೊಮ್ಮಗಳು ಫೋನ್ ಹಿಡಿದು ಮೆಟ್ಟಿಲಿಳಿದು ಬಂದು ಮಧ್ಯದ ಮೆಟ್ಟಿಲಲ್ಲೇ ನಿಂತಳು.

"ಪಾಸೋ?" ಎಂದಳು ಹೆಂಡತಿ.

ಮೊಮ್ಮಗಳು ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ, ಏಕೆಂದರೆ ಅಳುತ್ತಿದ್ದಳು.

"ಬಾಯಿ ಬಿಟ್ಟು ಹೇಳ ಯವ್ವಾ, ಜೀವಾ ಹೊಕ್ಕದ!"

"ಪಾಸ್, ಆಯಿ. ಡಿಗ್ರಿ ಬಂತು." ಕಣ್ಣೊರೆಸಿಕೊಂಡು ಮುಂದೆ ಓದಿದಳು. ಪರೀಕ್ಷಕರು ನನ್ನ ಬಗ್ಗೆ ಪ್ರತ್ಯೇಕವಾಗಿ ಎರಡು ಸಾಲು ಬರೆದಿದ್ದರಂತೆ. ನಾನು ಸೊಪ್ಪು ಬಿಟ್ಟು ಎದ್ದು ನಿಂತೆ. ಇಂಥದ್ದನ್ನು ಕೂತು ಕೇಳಬಾರದು.

"ಅಜ್ಜನ ಆಕ್ಟಿಂಗಲ್ಲಿ ರೇರ್ ಸಂಯಮ ಇದೆಯಂತೆ. ಏನೂ ಜಾಸ್ತಿ ಮಾಡದೇ ಇರೋ ಧೈರ್ಯ ಇದೆಯಂತೆ."

ಹೆಂಡತಿ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. ಆಮೇಲೆ ನಗು ಶುರುವಾಯಿತು. ಮೆಂತ್ಯದ ಬುಟ್ಟಿ ಮಗುಚಿತು, ಕುರ್ಚಿಯ ಕೈ ಹಿಡಿದುಕೊಂಡಳು, ನಗು ನಿಲ್ಲಲಿಲ್ಲ.

"ಸಂಯಮ! ಇವರಿಗೆ! ಆ ಮಾಸ್ತರನ್ನ ಒಂದು ವಾರ ನಮ್ಮನೀಗೆ ಇರಾಕ ಕಳಸು ಕೂಸ, ಕೊಟ್ಟ ಮಾರ್ಕ್ಸ್ ತಾನ ವಾಪಸ್ ತಗೋತಾನ."

"ಬೇಡ ಆಯಿ, ಮಾರ್ಕ್ಸ್ ನಂದು!" ಎಂದಳು ಮೊಮ್ಮಗಳು ಮೆಟ್ಟಿಲ ಮೇಲೇ ಕೂತು. ಅಳುತ್ತಿದ್ದವಳು ಈಗ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು, ಪಕ್ಕದ ಬೆಳಗಾವಿ ಆಂಟಿ ಬೇಲಿಯ ಮೇಲೆ ತಲೆ ಎತ್ತಿ ನೋಡುವಷ್ಟು ಜೋರಾಗಿ.